ಹರಿಯದ ಬಟ್ಟೆ ಯಾರಿಗೆ ಬೇಡ?

(ಗಿರಣಿ ಕಾರ್ಮಿಕರ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಮೇಷ್ಟ್ರು ಸಿನಿಮಾದ ಮೇಲೆ ಭಾಷಣ ಮಾಡುತ್ತಾರಂತೆ ಎಂದು ಕೆಲವರು ನಗುತ್ತಿದ್ದೀರಿ. ನಗಿರಿ. ನಾನು ಹೇಳಹೊರಟಿರುವುದೂ ನಗೆಯ ಚಿತ್ರವೇ. ಆದರೆ ಅದರೊಳಗಿರುವುದು ನೂಲು, ಮಗ್ಗ, ಕೂಲಿ, ವ್ಯಾಪಾರ. ನಮ್ಮ ಹೊಟ್ಟೆಯ ಮಾತು.

ಚಿತ್ರದ ಹೆಸರು 'ದಿ ಮ್ಯಾನ್ ಇನ್ ದಿ ವೈಟ್ ಸೂಟ್'. 1951ರಲ್ಲಿ ಇಂಗ್ಲೆಂಡಿನ ಈಲಿಂಗ್ ಸ್ಟುಡಿಯೋದಿಂದ ಬಂದದ್ದು. ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್, ನಾಯಕ ಅಲೆಕ್ ಗಿನ್ನೆಸ್. ಸಿಡ್ನಿ ಸ್ಟ್ರಾಟನ್ ಎಂಬ ಬಡ ರಸಾಯನ ತಜ್ಞ ಬಟ್ಟೆ ಗಿರಣಿಯಲ್ಲಿ ಮೈಮುರಿದು ದುಡಿಯುತ್ತಾ, ಪ್ರಯೋಗಶಾಲೆಯೊಳಗೆ ನುಸುಳಿ ಹೊಸ ನೂಲೊಂದನ್ನು ಕಂಡುಹಿಡಿಯುತ್ತಾನೆ. ಅದು ಹರಿಯುವುದಿಲ್ಲ, ಕೊಳೆಯಾಗುವುದಿಲ್ಲ. ಕತ್ತರಿಗೂ ಬಗ್ಗದ ಆ ಬಟ್ಟೆಯನ್ನು ಬೆಂಕಿಯ ಜ್ವಾಲೆಯಿಂದ ಕೊಯ್ದು ಸೂಟು ಹೊಲಿಯುತ್ತಾರೆ.

ಜನ ಅವನನ್ನು ಹೊತ್ತು ಮೆರೆಸಬೇಕಿತ್ತಲ್ಲವೆ? ಆದದ್ದೇ ಬೇರೆ. ಗಿರಣಿ ಮಾಲೀಕರು ಒಟ್ಟುಗೂಡಿ, ಹಣ ಕೊಟ್ಟು ಅವನ ಬಾಯಿ ಮುಚ್ಚಿಸಲು ನೋಡುತ್ತಾರೆ, ಒಪ್ಪದಾಗ ಕೂಡಿಹಾಕುತ್ತಾರೆ. ತಪ್ಪಿಸಿಕೊಂಡು ಬಂದವನನ್ನು ಕಾರ್ಮಿಕರೂ ಕೂಡಿಹಾಕುತ್ತಾರೆ! ಬಟ್ಟೆ ಒಗೆದು ನಾಲ್ಕು ಕಾಸು ಕಾಣುವ ಮುದುಕಿಯೊಬ್ಬಳು, ಇನ್ನು ನನ್ನ ಗತಿಯೇನೆಂದು ಅವನನ್ನು ಕೇಳುತ್ತಾಳೆ. ಅವನ ಬಳಿ ಉತ್ತರವಿಲ್ಲ.

ಚಿತ್ರವನ್ನು ಬ್ರಿಟನ್ನಿನ ಜನ ಮೆಚ್ಚಿದರು. ಅದರ ಚಿತ್ರಕಥೆ ಆಸ್ಕರ್ ಬಹುಮಾನದ ಅಂತಿಮ ಪಟ್ಟಿ ಸೇರಿತು. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ 100 ಉತ್ತಮ ಬ್ರಿಟಿಷ್ ಚಿತ್ರಗಳ ಪಟ್ಟಿಯಲ್ಲೂ ಅದಕ್ಕೆ ಸ್ಥಾನ ಸಿಕ್ಕಿತು. ಹೊಗಳಿದವರಲ್ಲಿ ಬಹಳ ಮಂದಿ ಹೇಳುವುದು ಒಂದೇ: ಬಂಡವಾಳವನ್ನೂ ಕಾರ್ಮಿಕ ಸಂಘವನ್ನೂ ಸಮನಾಗಿ ಗೇಲಿ ಮಾಡಿದ ಚಿತ್ರ ಇದು.

ಈ 'ಸಮನಾಗಿ' ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮಾಲೀಕನಿಗೆ ಲಾಭ ಹೋದೀತೆಂಬ ಭಯ. ಮುದುಕಿಗೆ ಗಂಜಿ ಹೋದೀತೆಂಬ ಭಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾದೀತೆ? ಮಾಲೀಕರ ಭಯ ಬರಿಯ ಕಥೆಯೂ ಅಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ 'ಫೀಬಸ್' ಎಂಬ ಕೂಟ ಕಟ್ಟಿದವು. ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಿದವು. ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಸದಸ್ಯ ಕಂಪನಿಗೆ ದಂಡ ಹಾಕಿದವು. ಕತ್ತಲೆಯಲ್ಲಿ ಕೂತವರು ನಾವು, ಎಣ್ಣೆ ಎಷ್ಟೆಂದು ಅಳೆದವರು ಅವರು.

ಆದರೆ ನಮ್ಮ ತಪ್ಪನ್ನೂ ಹೇಳಬೇಕು. ಚಿತ್ರದ ಕಾರ್ಮಿಕರು ಬಾಗಿಲಿಗೆ ಬೀಗ ಹಾಕಿದರು. ಆ ಸೂತ್ರ ಯಾರ ಕೈಯಲ್ಲಿರಬೇಕು ಎಂದು ಕೇಳಲಿಲ್ಲ. ಕೇಳದೆ, ತಮ್ಮನ್ನು ಹಿಂಡುವ ಮಾಲೀಕನ ಮಗ್ಗುಲಲ್ಲೇ ನಿಂತರು. ಹರಿಯದ ಬಟ್ಟೆ ಎಂದರೆ ಅರಿವೆಯ ಅಂಗಡಿಯವನೂ ಹೆದರುತ್ತಾನೆ. ಅವನ ಹೆದರಿಕೆಯೂ ನಿಜ. ಹೆದರಿಕೆಗೆ ಮದ್ದು ಬೀಗವಲ್ಲ, ಲೆಕ್ಕ. ಯಂತ್ರ ಉಳಿಸಿಕೊಟ್ಟ ದುಡಿಮೆಯ ಹೊತ್ತು ಯಾರ ಪಾಲಿಗೆ? ಕೆಲಸ ಹೋದ ಮುದುಕಿಗೆ ಅನ್ನ ಯಾರು ಹಾಕಬೇಕು?

ನಾನೂ ಕೆಲವು ವರ್ಷ ಹಲಗೆಯ ಮುಂದೆ ನಿಂತವನು. ವಿಜ್ಞಾನದಿಂದ ಒಳಿತು ಎಂದು ಮಕ್ಕಳ ಕೈಲಿ ಬರೆಸಿದೆ. ಯಾರಿಗೆ ಒಳಿತು ಎಂದು ಬರೆಸಲಿಲ್ಲ. ಆ ಅರ್ಧ ಪಾಠವನ್ನು ಈಗ ನಿಮ್ಮೆದುರು ಮುಗಿಸುತ್ತಿದ್ದೇನೆ.

ಚಿತ್ರದ ಕೊನೆಯಲ್ಲಿ ಆ ಸೂಟು ಜನರ ಕೈಯಲ್ಲಿ ಹತ್ತಿಯಂತೆ ಕಿತ್ತುಬರುತ್ತದೆ. ಎಲ್ಲರೂ ನಗುತ್ತಾರೆ, ನೆಮ್ಮದಿಯಾಗುತ್ತಾರೆ. ಸಿಡ್ನಿ ಮಾತ್ರ ಟಿಪ್ಪಣಿ ಪುಸ್ತಕ ತೆರೆದು ನೋಡಿ, ತಪ್ಪು ಎಲ್ಲೆಂದು ಹೊಳೆದವನಂತೆ ಬಿರಬಿರನೆ ನಡೆದುಬಿಡುತ್ತಾನೆ.

ಅವನು ಮತ್ತೆ ಬರುತ್ತಾನೆ, ಬಂಧುಗಳೆ. ಒಂದು ಗಿರಣಿಗಲ್ಲದಿದ್ದರೆ ಇನ್ನೊಂದಕ್ಕೆ. ಅಂದು ಬೀಗ ಹುಡುಕಬೇಡಿ. ಲೆಕ್ಕ ಕೇಳಿ, ಒಗೆಯುವ ಮುದುಕಿಯನ್ನು ಮುಂದೆ ನಿಲ್ಲಿಸಿಕೊಂಡು ಕೇಳಿ.