ವೆಲ್ಡಿಂಗ್ ಸಾಮಾನು: ಪೇಟೆಯಲ್ಲೋ, ಮೊಬೈಲಿನಲ್ಲೋ?

(ರನ್ನ ಬೆಳಗಲಿಯಲ್ಲಿ ಸ್ವಸಹಾಯ ಸಂಘಗಳ ತಾಯಂದಿರು ಹಾಗೂ ವೆಲ್ಡಿಂಗ್ ಕೆಲಸ ಮಾಡುವ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪ್ರತಿ ಸಲ ನಾವು ಬಂದಾಗ ಉಳಿತಾಯ, ಸಾಲ, ಮರುಪಾವತಿ ಎಂದು ಮಾತಾಡುತ್ತೇವೆ. ಇವತ್ತು ಸ್ವಲ್ಪ ಬೇರೆ ವಿಷಯ. ಸಾಲ ತೆಗೆದುಕೊಂಡ ಮೇಲೆ ಆ ರೊಕ್ಕ ಯಾವ ಅಂಗಡಿಗೆ ಹೋಗುತ್ತದೆ, ಅದರಿಂದ ಎಂಥ ಮಾಲು ಮನೆಗೆ ಬರುತ್ತದೆ ಎನ್ನುವುದನ್ನು ನೋಡೋಣ. ಕೊನೆಗೆ ಮತ್ತೆ ಸಾಲದ ಮಾತಿಗೇ ಬರುತ್ತೇವೆ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮದು ಕಬ್ಬಿನ ಸೀಮೆ. ಮುಧೋಳ, ಜಮಖಂಡಿ, ಬೀಳಗಿ, ಯಾವ ಕಡೆ ಹೋದರೂ ಹಂಗಾಮಿನಲ್ಲಿ ಕಬ್ಬಿನ ಟ್ರೇಲರುಗಳ ಸಾಲು. ಮಹಾಲಿಂಗಪುರದ ಸುತ್ತ ಬೆಲ್ಲದ ಗಾಣ, ರಬಕವಿ-ಬನಹಟ್ಟಿಯಲ್ಲಿ ಮಗ್ಗ. ಇವೆಲ್ಲ ಕಬ್ಬಿಣದ ಮೇಲೆ ನಿಂತ ಕೆಲಸಗಳು. ಕಬ್ಬಿಣ ಮುರಿದರೆ ವೆಲ್ಡಿಂಗ್ ಅಂಗಡಿಯೇ ಗತಿ. ಟ್ರೇಲರಿನ ಹುಕ್ಕು ಮುರಿದರೆ ರೈತ ರಾತ್ರಿ ಹನ್ನೊಂದಕ್ಕೂ ಬಂದು ಬಾಗಿಲು ಬಡಿಯುತ್ತಾನೆ. ಅಂಥ ಅಂಗಡಿ ಇಟ್ಟ ಹುಡುಗರು ಈ ಸಭೆಯಲ್ಲಿದ್ದಾರೆ. ಅವರಿಗೆ ಸಂಘದಿಂದ ಸಾಲ ತೆಗೆದು ಕೊಟ್ಟ ತಾಯಂದಿರೂ ಇಲ್ಲಿ ಕುಳಿತಿದ್ದಾರೆ.

ಮೊದಲು ರಾಡು, ಹೋಲ್ಡರು ಬೇಕಾದರೆ ಮಹಾಲಿಂಗಪುರಕ್ಕೋ ಮುಧೋಳಕ್ಕೋ ಹೋಗಿ ತರುತ್ತಿದ್ದರು. ದೊಡ್ಡ ಮಾಲಿಗೆ ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರ. ಈಗ ಮೊಬೈಲಿನಲ್ಲಿ ಬಟನ್ ಒತ್ತಿದರೆ ಪಾರ್ಸಲ್ ಮನೆಗೇ ಬರುತ್ತದೆ. ಹುಡುಗರು ಹೇಳುತ್ತಾರೆ, “ಸಿಸ್ಟರ್, ಮೊಬೈಲಿನಾಗ ಸೋವಿ ಐತ್ರಿ.” ಹಿರಿಯರು ಹೇಳುತ್ತಾರೆ, “ಊರ ಅಂಗಡಿ ಬಿಡಬ್ಯಾಡ್ರಿ, ಹೊತ್ತಿಗೆ ಆಗೋದು ಅದ.” ಇಬ್ಬರ ಮಾತಿನಲ್ಲೂ ಅರ್ಧ ಅರ್ಧ ಸತ್ಯವಿದೆ. ಎಲ್ಲ ಮಾಲಿಗೂ ಒಂದೇ ಉತ್ತರ ಇಲ್ಲ. ಒಂದೊಂದೇ ಮಾಲು ಎದುರಿಗಿಟ್ಟುಕೊಂಡು ಎರಡು ಪ್ರಶ್ನೆ ಕೇಳಬೇಕು: ಇದು ಕೆಟ್ಟರೆ ನಾನು ಯಾರ ಹತ್ತಿರ ಹೋಗಲಿ? ಇದು ಕೆಟ್ಟರೆ ಯಾರ ಮೈಗೆ ಪೆಟ್ಟು? ದರದ ಪ್ರಶ್ನೆ ಮೂರನೆಯದು.

ಕವಿಚಕ್ರವರ್ತಿ ರನ್ನನ ಹೆಸರು ಹೊತ್ತ ಊರು ಇದು. ಆತ ಬಳೆಗಾರರ ಮನೆತನದವನು ಎಂದು ನಿಮಗೆಲ್ಲ ಗೊತ್ತು. ಬಳೆಗಾರ ಕೈ ಹಿಡಿದು ನೋಡಿ ಅಳತೆಗೆ ತಕ್ಕ ಬಳೆ ಇಡುತ್ತಾನೆ. ಊರ ವ್ಯಾಪಾರಿಯಿಂದ ನಮಗೆ ಸಿಗಬೇಕಾದ ಲಾಭವೂ ಅದೇ, ನಮ್ಮ ಕೆಲಸ ನೋಡಿ ಮಾಲು ಕೊಡುವುದು. ಆತ ಅದನ್ನು ಮಾಡದೆ ಡಬ್ಬಿ ಮಾತ್ರ ಎತ್ತಿ ಕೊಟ್ಟರೆ, ಆತನಿಗೂ ಮೊಬೈಲಿಗೂ ಏನು ಫರಕು?

ದಿನಾ ಸುಡುವ ಮಾಲು

ಮೊದಲನೆಯದು ರಾಡು. ನಮ್ಮ ಕಡೆ 8 ನಂಬರ್, 10 ನಂಬರ್, 12 ನಂಬರ್ ಎನ್ನುತ್ತಾರೆ, ಅಂದರೆ ಸುಮಾರು 4, 3.15, 2.5 ಮಿಲಿಮೀಟರ್ ದಪ್ಪ. ಗೇಟು, ಕಿಟಕಿಗೆ ಹೆಚ್ಚಾಗಿ 6013 ರಾಡು. ಭಾರ ಹೊರುವ ದಪ್ಪ ಕಬ್ಬಿಣಕ್ಕೆ ಸಾಮಾನ್ಯವಾಗಿ 7018. ಮೊದಲಿನ ಎರಡು ಅಂಕಿ ಬೆಸುಗೆ ಎಷ್ಟು ಎಳೆತ ತಡೆಯುತ್ತದೆ ಎಂದು ಹೇಳುತ್ತವೆ. ಟ್ರೇಲರಿನ ಬೆಸುಗೆ ಬಿಟ್ಟರೆ ಹಿಂದೆ ಬೈಕಿನ ಮೇಲೆ ಬರುವವನ ಜೀವ ಹೋಗುತ್ತದೆ. ಅದಕ್ಕೇ ಡಬ್ಬಿಯ ಮೇಲಿನ ಅಂಕಿ ಓದಿ ತೆಗೆದುಕೊಳ್ಳಬೇಕು.

ರಾಡಿನ ಮೇಲಿನ ಲೇಪ ಬಹಳ ನಾಜೂಕು. ಪಾರ್ಸಲ್ ಎತ್ತಿ ಒಗೆದರೆ ಉದುರುತ್ತದೆ, ಮಳೆಗಾಲದಲ್ಲಿ ತೇವ ಹೀರುತ್ತದೆ. ತೇವದ ರಾಡಿನಲ್ಲಿ ಕಿಡಿ ಸಿಡಿಯುತ್ತದೆ, ಬೆಸುಗೆಯೊಳಗೆ ತೂತು ಬೀಳುತ್ತವೆ. 7018 ಅಂತೂ ಒಣಗಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಆದ್ದರಿಂದ ರಾಡನ್ನು ಹತ್ತಿರದ ಅಂಗಡಿಯಲ್ಲಿ, ಡಬ್ಬಿ ಬಿಚ್ಚಿ ನೋಡಿ ಕೊಳ್ಳುವುದೇ ಒಳ್ಳೆಯದು. ದರ ಹೋಲಿಸುವಾಗ ಡಬ್ಬಿಗೆ ಡಬ್ಬಿ ಹೋಲಿಸಬೇಡಿ, ಕಿಲೋಗೆ ಕಿಲೋ ಹೋಲಿಸಿ. ಡಬ್ಬಿಯ ಮೇಲೆ ಐಎಸ್‌ಐ ಗುರುತು, ಐಎಸ್ 814 ಎಂಬ ಅಂಕಿ ಇದೆಯೇ ನೋಡಿ. ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಹಾಕಿದರೆ ಅದು ಖರೆಯೋ ಸುಳ್ಳೋ ಗೊತ್ತಾಗುತ್ತದೆ. ಮೊಬೈಲು ಬರೇ ಕೊಳ್ಳಲಿಕ್ಕೆ ಅಲ್ಲ, ತಪಾಸಣೆಗೂ ಬಳಸ್ರಿ.

ಎರಡನೆಯದು ಕಟಿಂಗ್ ವ್ಹೀಲು. ಇದಕ್ಕೂ ಕೊನೆಯ ತಾರೀಖು ಇರುತ್ತದೆ ಎಂದು ಎಷ್ಟು ಜನರಿಗೆ ಗೊತ್ತು? ನಡುವಿನ ಕಬ್ಬಿಣದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ತಯಾರಾದ ಮೇಲೆ ಸಾಮಾನ್ಯವಾಗಿ ಮೂರು ವರ್ಷ. ಹಳೆಯದಾದರೆ ಅಂಟು ಸಡಿಲಾಗಿ, ತಿರುಗುವಾಗ ಸಿಡಿದು ಮುಖಕ್ಕೆ ಬಡಿಯುತ್ತದೆ. ವ್ಹೀಲಿನ ಮೇಲೆ ಬರೆದ ವೇಗ ನಿಮ್ಮ ಗ್ರೈಂಡರಿನ ವೇಗಕ್ಕಿಂತ ಹೆಚ್ಚಿರಬೇಕು, ಕಡಿಮೆ ಇದ್ದರೆ ಹಾಕಲೇಬಾರದು. ಭಾರೀ ಸೋವಿ ಎಂದು ಕಟ್ಟುಗಟ್ಟಲೆ ತರಿಸಿದ ವ್ಹೀಲಿನ ತಾರೀಖು ಮೊದಲು ನೋಡಿ. ಊರ ಅಂಗಡಿಯಲ್ಲಿ ಧೂಳು ಹಿಡಿದು ಕೂತ ವ್ಹೀಲಿಗೂ ಇದೇ ಮಾತು.

ಮಷಿನ್ ಮತ್ತು ಕೇಬಲ್

ಈಗಿನ ಇನ್ವರ್ಟರ್ ಮಷಿನ್ ಹಗುರ, ಮೊಬೈಲಿನಲ್ಲಿ ಸೋವಿ. ಆದರೆ “200 ಆಂಪಿಯರ್” ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಮಾತ್ರ ಓದಬೇಡಿ. ಡ್ಯೂಟಿ ಸೈಕಲ್ ಎಷ್ಟು ನೋಡಿ. 60 ಪರ್ಸೆಂಟ್ ಎಂದರೆ ಆ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಸುಡಬಹುದು, ನಾಲ್ಕು ನಿಮಿಷ ತಣಿಸಬೇಕು. ಎರಡನೆಯದು, ಎಷ್ಟು ಕಡಿಮೆ ವೋಲ್ಟೇಜಿನಲ್ಲಿ ಮಷಿನ್ ನಡೆಯುತ್ತದೆ? ನಮ್ಮ ಊರುಗಳಲ್ಲಿ ಸಂಜೆ ಕರೆಂಟು ಇಳಿಯುವುದು ನಿಮಗೆ ಗೊತ್ತಲ್ಲ. ಮೂರನೆಯದು, ರಿಪೇರಿ ಎಲ್ಲಿ? ಹಂಗಾಮಿನಲ್ಲಿ ಮಷಿನ್ ಕೆಟ್ಟು, ದೂರದ ಊರಿಗೆ ಕಳಿಸಿ, ಹದಿನೈದು ದಿನ ಕಾದರೆ ಉಳಿಸಿದ ರೊಕ್ಕಕ್ಕಿಂತ ಕಳೆದುಕೊಂಡ ದುಡಿಮೆಯೇ ಹೆಚ್ಚು. ಹತ್ತಿರದಲ್ಲಿ ಸರ್ವಿಸ್ ಇದ್ದರೆ ಮೊಬೈಲಿನಲ್ಲಿ ಕೊಂಡರೂ ಅಡ್ಡಿಯಿಲ್ಲ. ಇಲ್ಲದಿದ್ದರೆ ಪೇಟೆಯ ಡೀಲರನಿಗೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು.

ಕೇಬಲಿನ ಮಾತು. ನಮ್ಮ ಸಂಘದ ತಾಯಿಯೊಬ್ಬರು “ಪೂರಾ ತಾಮ್ರ” ಎಂದು ನಂಬಿ ಪೇಟೆಯ ಅಂಗಡಿಯೊಂದರಲ್ಲಿ ಕೇಬಲ್ ಕೊಡಿಸಿದರು. ಒಂದು ವಾರದಲ್ಲಿ ಕಾದು ಬಿಸಿಯಾಗಿ ಕವಚ ಕರಗಿತು. ಬ್ಲೇಡಿನಿಂದ ಎಳೆ ಕೆರೆದು ನೋಡಿದರೆ ಒಳಗೆ ಬಿಳಿ, ಅಂದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬಿಲ್ಲು ಇರಲಿಲ್ಲ. ಅಂಗಡಿಯವರು “ನಮ್ಮ ಮಾಲು ಅಲ್ಲ” ಎಂದುಬಿಟ್ಟರು. ಮುಖ ಪರಿಚಯ ಇದ್ದ ಮಾತ್ರಕ್ಕೆ ಮಾಲು ಖರೆ ಆಗುವುದಿಲ್ಲ. ಪರಿಚಯ ಇರಲಿ, ಪಾವತಿಯೂ ಇರಲಿ.

ಕಣ್ಣು ಕಾಯುವ ಮಾಲು

ನಾವು ಹೆಚ್ಚು ಒತ್ತಿ ಹೇಳುವುದು ಇದನ್ನೇ. ಸಾವಿರಾರು ರೂಪಾಯಿಯ ಮಷಿನ್ ಇರುತ್ತದೆ, ಕಣ್ಣಿಗೆ ಮಾತ್ರ ಬಿಸಿಲಿನ ಕಪ್ಪು ಕನ್ನಡಕ. ಅದು ಸಾಲದು. ಕೈಯಿಂದ ಮಾಡುವ ಸಾಮಾನ್ಯ ವೆಲ್ಡಿಂಗಿಗೆ 10 ಅಥವಾ 11 ನಂಬರಿನ ಕಪ್ಪು ಗಾಜು ಬೇಕು, ಗ್ಯಾಸ್ ಕಟಿಂಗಿಗೆ 4–5 ನಂಬರ್ ಆಗಬಹುದು.

ಬೆಳಕು ಹೊಡೆದ ಕಣ್ಣು ಆಗಲೇ ನೋಯುವುದಿಲ್ಲ. ಆರರಿಂದ ಹನ್ನೆರಡು ತಾಸಿನ ಮೇಲೆ, ನಡುರಾತ್ರಿಯಲ್ಲಿ, ಕಣ್ಣಾಗ ಉಸುಕು ಬಿದ್ದಂಗ ಆಗ್ತದ, ನೀರು ಸುರೀತದ. ತಾಯಂದಿರು ಬಟಾಟಿ ಹೋಳು ಇಡುತ್ತಾರೆ, ಹಾಲಿನ ಹನಿ ಬಿಡುತ್ತಾರೆ. ದಯವಿಟ್ಟು ಹಾಕಬೇಡಿ, ಸೋಂಕು ತಗಲುತ್ತದೆ. ಔಷಧ ಅಂಗಡಿಯಿಂದ ಕಣ್ಣು ಮರಗಟ್ಟಿಸುವ ಹನಿ ತಂದು ಪದೇ ಪದೇ ಹಾಕುವುದೂ ಅಪಾಯ. ಡಾಕ್ಟರಿಗೆ ತೋರಿಸಿ. ಒಂದೆರಡು ದಿನದಲ್ಲಿ ವಾಸಿಯಾಗುವ ನೋವು ಅದು. ಆದರೆ ವರ್ಷಗಟ್ಟಲೆ ಹೊಡೆಸಿಕೊಂಡರೆ ಕಣ್ಣಿಗೆ ಶಾಶ್ವತ ಹಾನಿ ಆಗಬಹುದು. ಹೊಗೆಯ ಮಾತೂ ಹಾಗೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆ ಮತ್ತು ವೆಲ್ಡಿಂಗ್ ಬೆಳಕಿನ ನೇರಳಾತೀತ ಕಿರಣ ಎರಡನ್ನೂ ಕ್ಯಾನ್ಸರಿಗೆ ಕಾರಣವಾಗುವ ಒಂದನೇ ಗುಂಪಿಗೆ ಸೇರಿಸಿತು. ಮುಚ್ಚಿದ ಕೋಣೆಯಲ್ಲಿ ಕೆಲಸ ಬೇಡ, ಗಾಳಿ ಆಡುವ ಕಡೆ ಮಾಡಿ.

ಒಳ್ಳೆಯ ಮಾಸ್ಕು, ಚರ್ಮದ ಕೈಗವಸು ನಮ್ಮ ಸಣ್ಣ ಪೇಟೆಗಳಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ಕೇಳುವವರಿಲ್ಲ ಎಂದು ಅಂಗಡಿಯವರು ಇಡುವುದಿಲ್ಲ, ಇಲ್ಲ ಎಂದು ಹುಡುಗರು ಕೇಳುವುದಿಲ್ಲ. ಇಲ್ಲಿ ಮೊಬೈಲು ನಿಜಕ್ಕೂ ಉಪಕಾರಿ. ಆದರೆ ಹುಷಾರಿ ಬೇಕು. ಪಕ್ಕದ ಊರಿನ ಹುಡುಗನೊಬ್ಬ ತಾನಾಗಿಯೇ ಕಪ್ಪಾಗುವ ಹೆಲ್ಮೆಟ್ ತರಿಸಿದ. ಚಂದ ಕಂಡಿತು. ಹಂಗಾಮು ಶುರುವಾಗಲಿ ಎಂದು ಬಿಚ್ಚದೆ ಇಟ್ಟ. ಹಾಕಿಕೊಂಡ ಎರಡೇ ದಿನದಲ್ಲಿ ಕಣ್ಣು ಉರಿ. ಗಾಜು ಸರಿಯಾಗಿ ಕಪ್ಪಾಗುತ್ತಿರಲಿಲ್ಲ. ವಾಪಸು ಕೊಡುವ ದಿನ ದಾಟಿಹೋಗಿತ್ತು. ಆದ್ದರಿಂದ ಗಾಜಿನ ಮೇಲೆ ನೆರಳಿನ ನಂಬರ್ ಹಾಗೂ ಇಎನ್ 379ರಂಥ ಮಾನಕದ ಗುರುತು ಇದೆಯೇ ಎಂದು ಚಿತ್ರದಲ್ಲೇ ನೋಡಿ, ಇಲ್ಲದ್ದನ್ನು ಬಿಡಿ. ಪಾರ್ಸಲ್ ಬಂದ ದಿನವೇ ಬಿಚ್ಚಿ, ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ.

ಗ್ಯಾಸಿನ ಸಾಮಾನು ಮಾತ್ರ ಪರಿಚಿತ, ಲೈಸೆನ್ಸ್ ಇರುವ ಡೀಲರನಿಂದಲೇ ತನ್ನಿ. ಆಕ್ಸಿಜನ್ನಿಗೆ ನೀಲಿ ಪೈಪು, ಉರಿಯುವ ಗ್ಯಾಸಿಗೆ ಕೆಂಪು ಪೈಪು. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಹಚ್ಚಬಾರದು, ಬೆಂಕಿ ಹತ್ತುತ್ತದೆ. ಅಡುಗೆ ಸಿಲಿಂಡರನ್ನು ಅಂಗಡಿಗೆ ಒಯ್ಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಕುತ್ತು.

ಉದ್ರಿ ಮತ್ತು ಬಿಲ್ಲು

ಊರ ಅಂಗಡಿಯ ದೊಡ್ಡ ಉಪಕಾರ ಉದ್ರಿ. ಕಬ್ಬಿನ ಬಿಲ್ಲು ಬರುವವರೆಗೆ ರೈತ ರೊಕ್ಕ ಕೊಡುವುದಿಲ್ಲ, ರೈತ ಕೊಡುವವರೆಗೆ ವೆಲ್ಡಿಂಗ್ ಹುಡುಗನ ಕೈ ಖಾಲಿ. ಆ ತಿಂಗಳುಗಳಲ್ಲಿ ರಾಡು ಉದ್ರಿ ಕೊಡುವವನು ಪೇಟೆಯ ವ್ಯಾಪಾರಿ, ಮೊಬೈಲಿನ ಅಂಗಡಿ ಅಲ್ಲ. ಆದರೆ ಉದ್ರಿಗೂ ಬೆಲೆ ಇದೆ. ಉದ್ರಿ ದರ ಬೇರೆ, ನಗದು ದರ ಬೇರೆ. ಎರಡನ್ನೂ ಕೇಳಿ ಬರೆದಿಡಿ. ಉದ್ರಿ ದರದ ಹೆಚ್ಚಳ ಸಂಘದ ಸಾಲದ ಬಡ್ಡಿಗಿಂತ ಜಾಸ್ತಿ ಇದ್ದರೆ ಸಂಘದಿಂದ ಸಣ್ಣ ಸಾಲ ತೆಗೆದು ನಗದು ಕೊಟ್ಟು ತರುವುದೇ ಲಾಭ. ಕೈಯಲ್ಲಿ ನಗದು ಇದ್ದಾಗ ಮೊಬೈಲಿಗೆ ಓಡಿ, ಇಲ್ಲದಾಗ ಮಾತ್ರ ಅಣ್ಣನ ಅಂಗಡಿಗೆ ಹೋಗುವುದು ನ್ಯಾಯವಲ್ಲ. ಹಂಗ ಮಾಡಿದ್ರ ಆ ಅಂಗಡಿ ಎಷ್ಟು ದಿನ ಇದ್ದೀತು, ನೀವೇ ಹೇಳ್ರಿ. ಜಗದ್ಗುರು ಹದಿನಾರನೇ ಬೆನೆಡಿಕ್ಟರು 2009ರಲ್ಲಿ ಬರೆದ ವಿಶ್ವಪತ್ರದಲ್ಲಿ, ಕೊಳ್ಳುವುದು ಬರೀ ಹಣದ ವ್ಯವಹಾರವಲ್ಲ, ಅದರಲ್ಲಿ ನೀತಿಯೂ ಇದೆ ಎಂದು ಎಚ್ಚರಿಸಿದ್ದಾರೆ. ಬಸವಣ್ಣನವರ ಕಾಯಕದ ನಾಡಿನಲ್ಲಿರುವ ನಮಗೆ ಇದು ಹೊಸ ಮಾತಲ್ಲ.

ಎಲ್ಲಿ ಕೊಂಡರೂ ಬಿಲ್ಲು ತೆಗೆದುಕೊಳ್ಳಿ. “ನೀನು ಅಂಗಡಿ ಇಟ್ಟವನು, ಗ್ರಾಹಕ ಅಲ್ಲ” ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಮಾತ್ರ ಕೊಂಡ ಮಾಲಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವೂ ಗ್ರಾಹಕರೇ. ಮಾರುವವರು ದೆಹಲಿಯಲ್ಲಿದ್ದರೂ ನೀವು ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ನಕಲಿ, ಇಲ್ಲವೇ ಜಾಹೀರಾತಿನಲ್ಲಿ ಹೇಳಿದಂತೆ ಇರದ ಮಾಲನ್ನು ವಾಪಸು ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ. ದೂರು ಬಂದ 48 ತಾಸಿನಲ್ಲಿ ಕಂಪನಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ರೊಕ್ಕ ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಓಟಿಪಿ ಮಾತ್ರ ಯಾರಿಗೂ ಹೇಳಬೇಡಿ.

ಸಂಘ ಏನು ಮಾಡಬಹುದು?

1. ವೆಲ್ಡಿಂಗ್ ಮಷಿನಿಗೆ ಸಾಲ ಕೇಳಿದವರ ಅರ್ಜಿಯಲ್ಲಿ ಮಾಸ್ಕು, ಕೈಗವಸು, ಬೂಟು ಸೇರಿರಲೇಬೇಕು. ಸಾಲದ ರೊಕ್ಕ ಕೊಡುವ ಮೊದಲು ಅದನ್ನು ಠರಾವಿನಲ್ಲಿ ಬರೆಯಿರಿ.

2. ಹಂಗಾಮಿಗೆ ಮೊದಲು ಊರಿನ ವೆಲ್ಡಿಂಗ್ ಅಂಗಡಿಗಳವರು ಕೂಡಿ ಬೇಕಾದ ಮಾಲಿನ ಪಟ್ಟಿ ಮಾಡಿ. ಮೊದಲು ಪೇಟೆಯ ವ್ಯಾಪಾರಿಗೇ ಆ ಪಟ್ಟಿ ಕೊಟ್ಟು ಸಗಟು ದರ ಕೇಳಿ. ಹತ್ತು ಮಾಸ್ಕು ಒಟ್ಟಿಗೆ ಕೇಳಿದರೆ ಆತನೂ ತರಿಸುತ್ತಾನೆ. ಆತನಿಂದ ಆಗದ ಮಾಲನ್ನು ಮಾತ್ರ ಮೊಬೈಲಿನಲ್ಲಿ ಒಟ್ಟಾಗಿ ತರಿಸಿ.

3. ಬಿಲ್ಲು, ವಾರಂಟಿ ಕಾರ್ಡುಗಳನ್ನು ಸಂಘದ ಫೈಲಿನಲ್ಲಿ ಒಂದು ಪ್ರತಿ ಇಡಿ. ಮಗ ಕಳೆದರೂ ತಾಯಿ ಕಾಯುತ್ತಾಳೆ.

ತಾಯಂದಿರೇ, ನಿಮ್ಮ ಸಾಲ ತೀರುವುದು ಮಷಿನಿನಿಂದ ಅಲ್ಲ, ಮಷಿನ್ ಹಿಡಿದ ಮಗನ ಕಣ್ಣು, ಕೈಗಳಿಂದ. ಮಷಿನ್ ಕೆಟ್ಟರೆ ಇನ್ನೊಂದು ಸಾಲ ತೆಗೆದು ಇನ್ನೊಂದು ತರಬಹುದು. ಕಣ್ಣು ಪೇಟೆಯಲ್ಲೂ ಸಿಗುವುದಿಲ್ಲ, ಮೊಬೈಲಿನಲ್ಲೂ ಸಿಗುವುದಿಲ್ಲ. ನಾವು ಮುಂದಿನ ಸಭೆಗೆ ಬಂದಾಗ ಲೆಕ್ಕದ ಪುಸ್ತಕದ ಜೊತೆಗೆ ಹುಡುಗರು ತಮ್ಮ ತಮ್ಮ ಮಾಸ್ಕನ್ನೂ ತಂದು ತೋರಿಸಬೇಕು. ಗಾಜಿನ ನಂಬರು ನಾವೇ ಓದುತ್ತೇವೆ.

ಬಡಿಗನಾಗಿ ದುಡಿದು ಮನೆ ನಡೆಸಿದ ಸಂತ ಜೋಸೆಫರು ನಿಮ್ಮ ದುಡಿಮೆಯನ್ನು ಕಾಯಲಿ. ದೇವರು ನಿಮ್ಮೆಲ್ಲರಿಗೂ ಒಳ್ಳೆಯದು ಮಾಡಲಿ.