ನಮ್ಮ ಬೀದಿಯ ಹೆಂಡದಂಗಡಿ

ಕನ್ನಡ ಪಂಡಿತನೊಬ್ಬ ಹೆಂಡದಂಗಡಿಯನ್ನು ಕುರಿತು ಮಾತನಾಡುತ್ತಾನೆಂದರೆ ನಿಮ್ಮಲ್ಲಿ ಕೆಲವರಾದರೂ ರೇಡಿಯೋದ ಕಿವಿ ಹಿಂಡಿ ಬೇರೆ ನಿಲಯಕ್ಕೆ ತಿರುಗಿಸಿಯಾರು. ಸ್ವಲ್ಪ ತಡೆಯಿರಿ. ನಾನು ಹೆಂಡ ಕುಡಿದವನಲ್ಲ. ಕುಡಿಯಿರೆಂದು ಹೇಳುವವನಂತೂ ಅಲ್ಲ. ಕುಡಿತದಿಂದ ಕೆಟ್ಟ ಮನೆಯಲ್ಲಿಯೇ ಬೆಳೆದವನು. ಆದರೂ ನಮ್ಮ ಬೀದಿಯ ಕೊನೆಯಲ್ಲಿದ್ದು ಈಗ ನೆಲಸಮವಾಗಿರುವ ಆ ಅಂಗಡಿ ಆಗಾಗ ನೆನಪಿಗೆ ಬರುತ್ತದೆ. ಅದಕ್ಕೆ ನಾನು ಬಾಕಿ ತೀರಿಸದ ಒಂದು ಸಾಲವಿದೆ. ಆ ಲೆಕ್ಕವನ್ನು ನಿಮ್ಮ ಮುಂದೆ ಒಪ್ಪಿಸುವುದಷ್ಟೇ ಈ ಮಾತಿನ ಉದ್ದೇಶ.

ಪಂಡಿತರಿಗೆ ಈ ವಿಷಯ ತೀರ ಹೊರಗಿನದೂ ಅಲ್ಲವೆನ್ನಿ. ಮಹಾಕಾವ್ಯದಲ್ಲಿ ಇರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು ಎಂದು ಲಾಕ್ಷಣಿಕರೇ ವಿಧಿಸಿದ್ದಾರೆ. 10ನೆಯ ಶತಮಾನದ ಪಂಪ ತನ್ನ ಭಾರತದಲ್ಲಿ ಅರ್ಜುನನನ್ನು ರಾತ್ರಿಯ ಹೊತ್ತು ಬೀದಿಗಳಲ್ಲಿ ತಿರುಗಾಡಿಸಿ ಪಾನಗೋಷ್ಠಿಯನ್ನು ತೋರಿಸುತ್ತಾನೆ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನೇ ಇದ್ದಾನೆ. ತನ್ನ ಕಾಯಕದ ಮಾತುಗಳಲ್ಲಿಯೇ ತನ್ನ ದೇವರನ್ನು ಕುರಿತು ನುಡಿದವನು ಆತ. ಹಳಗನ್ನಡದಲ್ಲಿ 'ಕಳ್' ಎಂಬ ಶಬ್ದಕ್ಕೆ ಹೆಂಡವೆಂಬ ಅರ್ಥವೂ ಉಂಟು, ಕದಿಯುವುದೆಂಬ ಅರ್ಥವೂ ಉಂಟು. ಈ ಎರಡು ಅರ್ಥಗಳನ್ನೂ ಒಂದೇ ಅಂಗಡಿಯಲ್ಲಿ ಕಂಡವಳು ನಮ್ಮ ಅತ್ತೆ. ಆ ಕಥೆ ಮುಂದೆ ಬರುತ್ತದೆ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಸಣ್ಣ ಪೇಟೆ. ನಾನು ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದವನು. ಮಾವ ದರ್ಜಿ. ಅವನು ಹೊಲಿದ ಅಂಗಿಗೆ ಊರಿನಲ್ಲಿ ಹೆಸರಿತ್ತು. ಹೇಳಿದ ದಿನಕ್ಕೆ ಹೊಲಿದು ಕೊಡುವನೆಂಬ ಹೆಸರು ಮಾತ್ರ ಇರಲಿಲ್ಲ. ಬೀದಿಯ ಕೊನೆಯಲ್ಲಿ, ಕೆರೆಯ ಕಡೆಗೆ ಇಳಿಯುವ ದಾರಿಯಲ್ಲಿ, ನಾಡಹೆಂಚು ಹೊದಿಸಿದ ಮಣ್ಣುಗೋಡೆಯ ಅಂಗಡಿ. ಮುಂದೆ ಉದ್ದನೆಯ ಜಗಲಿ. ಹಿಂದೆ ನಾಲ್ಕೈದು ಈಚಲು ಮರಗಳು. ಹೆಂಡ ಇಳಿಸುವವನು ವರ್ಷಕ್ಕೊಂದು ಮಗ್ಗುಲಿನಂತೆ ಮರದ ನೆತ್ತಿಯ ಕೆಳಗೆ ಕೆತ್ತುತ್ತಾನೆ. ಮರ ಬೆಳೆದಂತೆ ಆ ಗಾಯಗಳು ಮೆಟ್ಟಿಲುಗಳಂತೆ ಕೆಳಗೆ ಉಳಿಯುತ್ತವೆ. ಅವನ್ನು ಎಣಿಸಿದರೆ ಆ ಮರ ಎಷ್ಟು ವರ್ಷ ರಸ ಕೊಟ್ಟಿತೆಂದು ಹೇಳಬಹುದು. ಸಂಜೆ ಕಟ್ಟಿದ ಮಡಕೆಯನ್ನು ಬೆಳಗಿನ ಜಾವ ಇಳಿಸುವಾಗ ರಸ ಸಿಹಿಯಾಗಿರುತ್ತದೆ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಹುಳಿಯೇರದೆ ನೀರಾ ಆಗಿ ಉಳಿಯುತ್ತದೆ; ಬಳಿಯದಿದ್ದರೆ ಬಿಸಿಲೇರಿದಂತೆಲ್ಲ ನೊರೆಯೆದ್ದು ಹೆಂಡವಾಗುತ್ತದೆ. ಒಂದೇ ರಸ, ಒಂದೇ ಮರ. ನಡುವೆ ಇರುವುದು ಒಂದು ಚಿಟಿಕೆ ಸುಣ್ಣ.

ದೀಪ ಹಚ್ಚುವ ಹೊತ್ತಾದರೆ ಅತ್ತೆ ನನ್ನನ್ನು ಕಳುಹಿಸುತ್ತಿದ್ದಳು: "ಹೋಗಿ ನಿಮ್ಮ ಮಾವನ್ನ ಕರ್ಕೊಂಡು ಬಾ." ಓದುವ ಹುಡುಗ ಹೆಂಡದಂಗಡಿಯ ಒಳಗೆ ಕಾಲಿಡಬಾರದೆಂಬುದು ಅವಳ ಕಟ್ಟಪ್ಪಣೆ. ಆದ್ದರಿಂದ ನಾನು ಜಗಲಿಯ ಕೆಳಗೆ ನಿಲ್ಲುತ್ತಿದ್ದೆ. ಮಾವ "ಬಂದೆ, ಬಂದೆ" ಎಂದು ಇನ್ನೂ ಒಂದು ಗಂಟೆ ಕೂರುತ್ತಿದ್ದ. ಆ ಗಂಟೆಗಳೇ ನನ್ನ ಪಾಲಿಗೆ ಇನ್ನೊಂದು ಪಾಠಶಾಲೆಯಾದವು.

ಜಗಲಿಯ ಮೇಲೆ ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಬರೆಯದ ಒಂದು ಶಾಸನವಿತ್ತು. ಕಂಬಕ್ಕೆ ಒರಗಿ ಕೂರುವವನು ಬೀಸುವ ಕಲ್ಲಿಗೆ ಮುಳ್ಳು ಹಾಕುವ ಮುದುಕ. ದಿನವೆಲ್ಲ ಉಳಿಯ ಸದ್ದು ಕೇಳಿದ್ದರಿಂದಲೋ ಏನೋ, ಸಂಜೆ ಅವನು ಮಾತೇ ಆಡುತ್ತಿರಲಿಲ್ಲ. ಅವನ ಪಕ್ಕದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿಯವನು. ಇವನ ಎತ್ತುಗಳು ಹಗ್ಗ ಎಳೆಯದಿದ್ದರೂ ಅಂಗಡಿಯ ಮುಂದೆ ತಾವಾಗಿ ನಿಲ್ಲುತ್ತಿದ್ದವು; ಯಜಮಾನ ಗಾಡಿಯಲ್ಲಿ ಮಲಗಿದನೆಂದರೆ ತಾವಾಗಿ ಮನೆಯ ದಾರಿ ಹಿಡಿಯುತ್ತಿದ್ದವು. ಅವುಗಳಿಗಿದ್ದ ವಿವೇಕ ಯಜಮಾನನಿಗೆ ಇಲ್ಲವಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಮೇಲೆ ನಿವೃತ್ತನಾದ ಒಬ್ಬ ಅಂಚೆಯವ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಜಗಲಿಯವರಿಗೆ ಬಂದ ಕಾಗದಗಳನ್ನು ಓದಿ ಹೇಳುವುದು, ಉತ್ತರ ಬರೆದು ಕೊಡುವುದು ಅವನ ಕೆಲಸ. ಬಾಗಿಲ ಬದಿಯಲ್ಲಿ ಖಾರದ ಕಡಲೆಕಾಳು ಮಾರುವ ಮುದುಕಿ.

ಮೂಲೆಯಲ್ಲಿ ಒಬ್ಬ ನೀಲಗಾರ; ಎಂದರೆ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ದೀಕ್ಷೆ ಪಡೆದವನು. ಮನಸ್ಸು ಬಂದ ದಿನ ತಂಬೂರಿ ಶ್ರುತಿ ಮಾಡಿ, ಗಗ್ಗರ ಕುಲುಕಿ, ಕಲ್ಯಾಣದ ಸಾಲನ್ನು ಎತ್ತುತ್ತಿದ್ದ. ಮಂಟೇಸ್ವಾಮಿ ಶರಣರನ್ನು ಪರೀಕ್ಷಿಸಲು ಕುಷ್ಠ ಹಿಡಿದವನ ರೂಪದಲ್ಲಿ, ಹೆಂಡದ ಗಡಿಗೆ ಹೊತ್ತು ಬಸವಣ್ಣನ ಕಲ್ಯಾಣದ ಬಾಗಿಲಿಗೆ ಬರುವ ಪ್ರಸಂಗ ಅದು. ಆ ಭಾಗ ಬಂದಾಗ ಜಗಲಿಯವರೆಲ್ಲ ತಮ್ಮ ಮುಂದಿನ ಮಡಕೆಯನ್ನೊಮ್ಮೆ ನೋಡಿಕೊಂಡು ತಲೆದೂಗುತ್ತಿದ್ದರು. ಅವರ ಬಾಯಲ್ಲಿ 'ಗೇಮೆ' ಎಂಬ ಮಾತು ದಿನಕ್ಕೆ ನೂರು ಸಲ ಬರುತ್ತಿತ್ತು. ಮುಂದೆ ವ್ಯಾಕರಣ ಓದುವಾಗ ಹಳಗನ್ನಡದ 'ಗೆಯ್' ಧಾತುವನ್ನು ಗುರುಗಳು ಬಿಡಿಸಿದರು. ಎಲ್ಲರೂ ಬಾಯಿಪಾಠ ಮಾಡಿದರು. ನನಗೆ ಮಾತ್ರ ಜಗಲಿ ಕಂಡಿತು.

ಸಾಹಿತ್ಯ ಪರಿಷತ್ತಿನ 'ರತ್ನ' ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿಯೇ ನನಗೆ ಇನ್ನೊಬ್ಬ ರತ್ನನ ಪರಿಚಯವಾದದ್ದು. ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಯಾರಿಗೆ ತಿಳಿಯದು? ಎಂಡಕುಡುಕ ರತ್ನ, ಅವನ ಪುಟ್ನಂಜಿ, ಇವರನ್ನು ನೀವು ಸುಗಮ ಸಂಗೀತದಲ್ಲಿ ಇದೇ ರೇಡಿಯೋದಿಂದ ಕೇಳಿದ್ದೀರಿ. ಮಕ್ಕಳಿಗೆ ಶಿಶುಗೀತೆಗಳನ್ನು ಬರೆದ, ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ಕೈಯೇ ಕುಡುಕನ ಬಾಯ ಮಾತನ್ನೂ ಕಾವ್ಯವಾಗಿಸಿತು. ಅದನ್ನು ಓದಿದಾಗ ನನಗೆ ಸಂತೋಷದೊಡನೆ ಒಂದು ಕಸಿವಿಸಿಯೂ ಆಯಿತು. ಕವಿಯ ರತ್ನನನ್ನು ಎಲ್ಲರೂ ಮೆಚ್ಚುತ್ತೇವೆ. ನಮ್ಮ ಮನೆಯ ರತ್ನನಿಗೆ ಊಟ ಬಡಿಸಲು ನಡುರಾತ್ರಿಯವರೆಗೆ ಕಾಯುವ ಅತ್ತೆಯನ್ನು ದಿನವೂ ನೋಡುತ್ತಿದ್ದವನು ನಾನು.

ಶನಿವಾರ ಬಟವಾಡೆಯ ದಿನ. ಅಂಗಡಿಯ ಯಜಮಾನನನ್ನು ನಾವು ಹುಡುಗರು ತಾತ ಎಂದೇ ಕರೆಯುತ್ತಿದ್ದೆವು. ಒಂದು ಶನಿವಾರ ಅವನು ಗಲ್ಲಾಪೆಟ್ಟಿಗೆಯಿಂದ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ನನ್ನ ಕೈಗಿತ್ತು, "ನಿಮ್ಮತ್ತೆಗೆ ಕೊಡಪ್ಪ. ನಿಮ್ಮಾವಂಗೆ ಯೋಳ್ಬ್ಯಾಡ" ಎಂದ. ಬಿಚ್ಚಿದರೆ ಮಾವನ ವಾರದ ದುಡ್ಡಿನಲ್ಲಿ ಅರ್ಧ. ಅಂದಿನಿಂದ ಪ್ರತಿ ಶನಿವಾರವೂ ಅದೇ. ಗಾಡಿಯವನ ಮನೆಗೂ ಹೀಗೆಯೇ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು. ತಾತನ ಧರ್ಮಬುದ್ಧಿಯನ್ನು ನಾನು ಕೊಂಡಾಡಿದಾಗ ಅತ್ತೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನನ್ನ ದುಡ್ಡನ್ನೇ ಕದ್ದು ನನಗೇ ಅರ್ಧ ದಾನ ಮಾಡ್ತಾನೆ. ಅದನ್ನ ಧರ್ಮ ಅಂತೀಯಾ?" ನಾನು ಉತ್ತರ ಕೊಡಲಿಲ್ಲ. ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಮಾವ 1998ರಲ್ಲಿ ಯಕೃತ್ತಿನ ರೋಗದಿಂದ ತೀರಿಕೊಂಡ. ಅವನು ಕೊನೆಯ ವರ್ಷಗಳಲ್ಲಿ ಹೆಂಡ ಬಿಟ್ಟು ಸಾರಾಯಿಗೆ ಹೋಗಿದ್ದ. ಹೆಂಡ ತಾನಾಗಿ ಹುಳಿಯೇರುವ ರಸ. ಸಾರಾಯಿ ಬಟ್ಟಿ ಇಳಿಸಿದ್ದು, ಅದರ ಉರಿ ಹೆಂಡದ ಎಷ್ಟೋ ಪಟ್ಟು. ಅದನ್ನು ಕುಡಿಯಲು ಜಗಲಿಯೂ ಬೇಡ, ಜೊತೆಯೂ ಬೇಡ. ಪೊಟ್ಟಣ ಹರಿದು ನಿಂತಲ್ಲೇ ಮುಗಿಸಬಹುದು. ಶವ ಹೊರಟಾಗ ತಾತ ರಸ್ತೆಯ ಆಚೆ ಬದಿಯಲ್ಲಿ ತಲೆಯ ವಸ್ತ್ರ ಕೈಯಲ್ಲಿ ಹಿಡಿದು ನಿಂತಿದ್ದ. ಅತ್ತೆ ಅವನನ್ನು ಒಳಗೆ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ.

ಮುಂದೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಅದಕ್ಕೆ ಕೆಲವು ವರ್ಷ ಮೊದಲೇ ನಮ್ಮ ಕಡೆ ಹೆಂಡದ ಮಾರಾಟವೂ ನಿಂತಿತ್ತು. ತಾತ ಗಡಿಗೆಗಳನ್ನು ಬೋರಲು ಹಾಕಿ ಬಾಗಿಲು ಮುಚ್ಚಿದ. ಆದರೆ ಸ್ವಾರಸ್ಯ ನೋಡಿ: ಹೆಂಡವಿಲ್ಲದಿದ್ದರೂ ಜಗಲಿಯವರು ಬರುವುದನ್ನು ಬಿಡಲಿಲ್ಲ. ಸಂಜೆಯಾದರೆ ಬೀಡಿ, ಕಡಲೆಕಾಳು, ಮಾತು. ತಾತನೂ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಹಿಂದಿನಂತೆಯೇ ದೀಪದ ಹೊತ್ತಿಗೆ ತಲೆ ಎಣಿಸಿ, "ಇವತ್ತು ಯಾರು ಕಾಣ್ನಿಲ್ಲ?" ಎಂದು ಕೇಳುತ್ತಿದ್ದ. ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ಗಿರಾಕಿಯ ಲೆಕ್ಕವೆಂದೇ ನಾನು ತಿಳಿದಿದ್ದೆ. ಒಮ್ಮೆ ನೀಲಗಾರ ಕಾಣದಿದ್ದ ಸಂಜೆ ಹೀಗೆಯೇ ಕೇಳಿ, ಅವನ ಗುಡಿಸಲಿಗೆ ಹೋಗಿ ನೋಡಿದರೆ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾನೆ. ಕಬ್ಬಿನ ಗಾಡಿಯಲ್ಲಿ ಹುಲ್ಲು ಹಾಸಿ ಆ ರಾತ್ರಿಯೇ ಆಸ್ಪತ್ರೆಗೆ ಸಾಗಿಸಿದರು. ಆಮೇಲೆ ಹತ್ತು ವರ್ಷ ಅವನು ಹಾಡಿದ.

2010ರಲ್ಲಿ ರಸ್ತೆ ಅಗಲ ಮಾಡುವಾಗ ಅಂಗಡಿಯನ್ನು ಕೆಡವಿದರು. ಮಣ್ಣುಗೋಡೆ, ಯಂತ್ರಕ್ಕೆ ಅರ್ಧ ಗಂಟೆಯ ಕೆಲಸವೂ ಆಗಲಿಲ್ಲ. ಈಚಲು ಮರಗಳೂ ಹೋದವು. ಆ ದಿನ ಅತ್ತೆ ಒಲೆಯ ಮೇಲೆ ಹೊಸ ಪಾತ್ರೆಯಿಟ್ಟು, ಗೃಹಪ್ರವೇಶಕ್ಕೆ ಕಾಯಿಸುವಂತೆ ಹಾಲು ಉಕ್ಕಿಸಿದಳು. ಅವಳಿಗೆ ಅದು ಒಪ್ಪುವ ಸಂತೋಷ. ನಾನು ಬೇಡವೆನ್ನಲಿಲ್ಲ, ಲೋಟ ತೆಗೆದುಕೊಂಡು ಕುಡಿದೆ. ಜಗಲಿಯವರು ಒಬ್ಬೊಬ್ಬರಾಗಿ ಚದುರಿದರು. ಕೂರಲು ಬೇರೆ ಜಾಗವಿರಲಿಲ್ಲ. ಬೀದಿಯ ಮನೆಗಳೆಲ್ಲ ಜಗಲಿ ಒಡೆದು, ಎದೆಮಟ್ಟ ಗೋಡೆ ಎಬ್ಬಿಸಿ, ಕಬ್ಬಿಣದ ಗೇಟು ಹಾಕಿಕೊಂಡಿದ್ದವು. ನಮ್ಮ ಮನೆಯೂ ಅವುಗಳಲ್ಲಿ ಒಂದು.

ಮೂರು ವರ್ಷ ಕಳೆದು, 2013ರ ಮಾಗಿಯಲ್ಲಿ, ಅಂಚೆಯವ ತೀರಿಹೋದ. ಅವನ ಬಾಡಿಗೆ ಕೋಣೆ ನಮ್ಮ ಮನೆಯಿಂದ ನಾಲ್ಕನೆಯದು. ದಿನವೂ ಶಾಲೆಗೆ ಹೋಗುವಾಗ ನಾನು ಅದರ ಮುಂದೆಯೇ ಸೈಕಲ್ ತುಳಿಯುತ್ತಿದ್ದೆ. ಬಾಗಿಲು ಮುಚ್ಚಿತ್ತು, ಮುದುಕ ಮಲಗಿರಬೇಕೆಂದುಕೊಂಡೆ. ಮರುದಿನವೂ ಮುಚ್ಚಿತ್ತು, ಊರಿಗೆ ಹೋಗಿರಬೇಕೆಂದುಕೊಂಡೆ. ಯಾವ ಊರಿಗೆ ಹೋದಾನು, ಅವನಿಗೆ ಯಾರಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ. ಮೂರನೆಯ ದಿನ ಹಾಲಿನವನು ಬಾಗಿಲು ತಟ್ಟಿ, ಅನುಮಾನಗೊಂಡು, ಕೂಗಿ ಜನ ಸೇರಿಸಿದ. ಊರಿನ ಕಾಗದಗಳನ್ನೆಲ್ಲ ಮನೆಮನೆಗೆ ಮುಟ್ಟಿಸಿದವನ ಸುದ್ದಿ ನಾಲ್ಕು ಮನೆ ದಾಟಲು ಮೂರು ದಿನ ಹಿಡಿಯಿತು.

ಅಂದು ರಾತ್ರಿ ನಾನು ಊಟಕ್ಕೆ ಕೂರಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ಕೂತಳು. ಹಾಲು ಉಕ್ಕಿಸಿದ್ದ ಅದೇ ಅತ್ತೆ ಹೇಳಿದಳು: "ಆ ಜಗಲಿ ಇದ್ದಿದ್ರೆ ಅಂದು ಸಂಜೆಗೇ ಗೊತ್ತಾಗೋದು ಕಣಪ್ಪ. ಹೆಂಡ ಹಾಳಾಗಿ ಹೋಗ್ಲಿ, ಜಗಲಿ ಇರಬೇಕಾಗಿತ್ತು."

ಸಾಲವೆಂದು ಮೊದಲಿಗೆ ಹೇಳಿದೆನಲ್ಲ, ಅದು ಇದೇ. ಹೆಂಡವನ್ನು ನಿಲ್ಲಿಸಿದ್ದು ಅಪರಾಧವೆಂದು ನಾನು ಹೇಳಲಾರೆ. ಅತ್ತೆಯ ಮುಖ ನೋಡಿದವನು ಹಾಗೆ ಹೇಳಲಾರ. ಆದರೆ ಆ ಅಂಗಡಿ ಹೆಂಡದ ಜೊತೆಗೆ ಇನ್ನೊಂದನ್ನು ದುಡ್ಡಿಲ್ಲದೆ ಕೊಡುತ್ತಿತ್ತು. "ಇವತ್ತು ಯಾರು ಕಾಣ್ನಿಲ್ಲ?" ಎಂದು ಕೇಳುವವನೊಬ್ಬ ಅಲ್ಲಿದ್ದ. ಅವನು ಎದ್ದು ಹೋದ ಮೇಲೆ ಆ ಪ್ರಶ್ನೆ ಕೇಳುವ ಹೊಣೆ ಬೀದಿಯ ಓದು ಬಲ್ಲವರ ಮೇಲೆ, ನನ್ನಂಥ ಮೇಷ್ಟರುಗಳ ಮೇಲೆ ಬಂದಿತ್ತು. ನಾನು ಅದನ್ನು ಹೊರಲಿಲ್ಲ.

ಮರುವರ್ಷ ನಮ್ಮ ಮನೆಯ ಮುಂದಿನ ಗೋಡೆಯನ್ನು ಎರಡು ಮಾರು ಹಿಂದಕ್ಕೆ ಸರಿಸಿ, ಹೊಂಗೆಮರದ ಕೆಳಗೆ ಒಂದು ಕಲ್ಲುಚಪ್ಪಡಿ ಹಾಕಿಸಿದೆ. ಅತ್ತೆಯೇ ನಿಂತು ಹಾಕಿಸಿದಳು. ಮೊದಮೊದಲು ಯಾರೂ ಕೂರಲಿಲ್ಲ. ಮೇಷ್ಟರ ಮನೆಯ ಮುಂದೆ ಕೂರುವುದು ಹೇಗೆಂದು ಸಂಕೋಚ. ಒಂದು ಸಂಜೆ ಗಾಡಿಯವನು ಬಂದ. ಎತ್ತುಗಳನ್ನು ಮಾರಿ ಎಷ್ಟೋ ವರ್ಷವಾಗಿತ್ತು. ಚಪ್ಪಡಿಯನ್ನು ಕೈಯಿಂದ ತಟ್ಟಿ ನೋಡಿ ಕೂತ. ಮರುದಿನ ಇನ್ನೊಬ್ಬನನ್ನು ಕರೆತಂದ. ಈಗ ನಾಲ್ಕೈದು ಜನ ಸೇರುತ್ತಾರೆ. ಅತ್ತೆ ಒಳಗಿನಿಂದ ಕಾಫಿ ಕಳುಹಿಸುತ್ತಾಳೆ. ಕಾಫಿಯ ಲೋಟ ಒಂದು ಉಳಿದುಬಿಟ್ಟರೆ ತಾನೇ ಬಾಗಿಲಿಗೆ ಬಂದು, "ಯಾಕೆ, ಇವತ್ತು ಯಾರು ಬಂದಿಲ್ಲ?" ಎಂದು ಕೇಳುತ್ತಾಳೆ.

ನಿಮ್ಮ ಬೀದಿಯಲ್ಲಿಯೂ ಇಂಥ ಒಂದು ಬಾಗಿಲು ಮುಚ್ಚಿರಬಹುದು. ಈ ಮಾತು ಮುಗಿದ ಮೇಲೆ ರೇಡಿಯೋ ಆರಿಸಿ, ಒಮ್ಮೆ ಹೊರಗೆ ಬಂದು ನೋಡಿ.