ಲಂಡನ್ ವೈದ್ಯನ ಬಾಯಲ್ಲಿ ಬುದ್ಧನ ಕೊನೆಯ ಮಾತು



ಪಾಶ್ಚಾತ್ಯ ಸಾಹಿತ್ಯದಲ್ಲಿ ಬೌದ್ಧ ಚಿಂತನೆ ಎಂದೊಡನೆ ನಮಗೆ ನೆನಪಾಗುವುದು ಟಿ. ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’. 1922ರ ಆ ಕಾವ್ಯದ ಮೂರನೆಯ ಭಾಗಕ್ಕೆ, ಬುದ್ಧ ಗಯೆಯ ಬಳಿ ಅಗ್ನಿಪೂಜಕರಾದ ಜಟಿಲರಿಗೆ ಮಾಡಿದ ಉಪದೇಶದ ಹೆಸರನ್ನೇ ಇಡಲಾಗಿದೆ. ಇದು ನಮ್ಮ ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಸವೆದುಹೋದ ವಿಷಯ. ನಾನು ಇಂದು ಹೇಳಹೊರಟಿರುವುದು ಎಲಿಯಟ್‌ನ ನಾಟಕವೊಂದರ ಒಂದೇ ಒಂದು ಮಾತಿನ ಬಗ್ಗೆ.

‘ದಿ ಕಾಕ್‌ಟೇಲ್ ಪಾರ್ಟಿ’ ಮೊದಲು ರಂಗಕ್ಕೆ ಬಂದದ್ದು 1949ರ ಆಗಸ್ಟ್‌ನಲ್ಲಿ, ಎಡಿನ್‌ಬರೋ ಉತ್ಸವದಲ್ಲಿ. ಮೇಲ್ನೋಟಕ್ಕೆ ಅದು ಸಿರಿವಂತರ ಮನೆಯ ಹಾಸ್ಯ ನಾಟಕ. ಹೆಂಡತಿ ಲವೀನಿಯಾ ಮನೆ ಬಿಟ್ಟು ಹೋಗಿದ್ದಾಳೆ. ಗಂಡ ಎಡ್ವರ್ಡ್ ಅತಿಥಿಗಳ ಮುಂದೆ ಸುಳ್ಳು ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದಾನೆ. ಎರಡನೆಯ ಅಂಕದಲ್ಲಿ ಇವರೆಲ್ಲ ಬಂದು ಸೇರುವುದು ರೈಲಿ ಎಂಬ ವೈದ್ಯನ ಕೊಠಡಿಗೆ. ಆತ ಮನಸ್ಸಿನ ಕಾಯಿಲೆಗೆ ಮದ್ದು ಕೊಡುವವನು. ಗಂಡಹೆಂಡಿರನ್ನು ಅವನು ಮತ್ತೆ ಸಂಸಾರಕ್ಕೇ ಕಳಿಸುತ್ತಾನೆ. ಎಡ್ವರ್ಡ್‌ನ ಪ್ರೇಯಸಿಯಾಗಿದ್ದ ಸೀಲಿಯಾ ಮಾತ್ರ ಕಠಿಣವಾದ ಇನ್ನೊಂದು ದಾರಿ ಹಿಡಿಯುತ್ತಾಳೆ. ದೂರದ ದ್ವೀಪದಲ್ಲಿ ರೋಗಿಗಳ ಸೇವೆ ಮಾಡುತ್ತ ಕೊಲೆಯಾಗುತ್ತಾಳೆ. ದಾರಿ ಬೇರೆಯಾದರೂ ರೈಲಿ ಬೀಳ್ಕೊಡುವಾಗ ಹೇಳುವ ಹರಕೆ ಒಂದೇ: ಮುಕ್ತಿಯನ್ನು ಶ್ರದ್ಧೆಯಿಂದ ತಾವೇ ಸಾಧಿಸಿಕೊಳ್ಳಬೇಕೆಂಬುದು.

ಕ್ರೈಸ್ತ ಪ್ರೇಕ್ಷಕನಿಗೆ ಇಲ್ಲಿ ಸಂತ ಪೌಲ ನೆನಪಾಗುವುದು ಸಹಜ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ಆದರೆ ಪೌಲನಲ್ಲಿ ಭಯವಿದೆ, ನಡುಕವಿದೆ. ರೈಲಿಯಲ್ಲಿ ನಡುಕ ಹೋಗಿ ಶ್ರದ್ಧೆ ಬಂದಿದೆ. ಹಾಗೆ ನೋಡಿದರೆ ಇದು ಕುಶಿನಗರದ ಸಾಲವೃಕ್ಷಗಳ ನಡುವೆ ಮಲಗಿದ್ದ ಬುದ್ಧ ಭಿಕ್ಷುಗಳಿಗೆ ಹೇಳಿದ ಕಡೆಯ ಮಾತು; 1881ರಲ್ಲಿ ರೀಸ್ ಡೇವಿಡ್ಸ್ ಇಂಗ್ಲಿಷಿಗೆ ತಂದ ರೂಪದಲ್ಲಿ. 1896ರಲ್ಲಿ ಬಂದ ಹೆನ್ರಿ ಕ್ಲಾರ್ಕ್ ವಾರನ್‌ನ ಅನುವಾದಗಳ ಸಂಕಲನದಲ್ಲೂ ಅದೇ ಶಬ್ದಗಳಿವೆ. ಹಾರ್ವರ್ಡಿನಲ್ಲಿ ಸಂಸ್ಕೃತ, ಪಾಲಿ ಕಲಿತ ಎಲಿಯಟ್ ಆ ಸಂಕಲನವನ್ನು ‘ದಿ ವೇಸ್ಟ್ ಲ್ಯಾಂಡ್’ನ ಟಿಪ್ಪಣಿಯಲ್ಲಿ ಹೆಸರಿಸಿದ್ದಾನೆ.

ಸೋಜಿಗವೆಂದರೆ, ಪಾಲಿ ಮೂಲದಲ್ಲಿ ಮುಕ್ತಿ ಎಂಬ ಶಬ್ದವೇ ಇಲ್ಲ! ಕೂಡಿ ಆದದ್ದೆಲ್ಲ ಅಳಿಯತಕ್ಕದ್ದು, ಆದ್ದರಿಂದ ‘ಅಪ್ಪಮಾದ’ದಿಂದ ಪೂರೈಸಿಕೊಳ್ಳಬೇಕು ಎಂಬಷ್ಟೇ ಭಾವ. ಏನನ್ನು ಎಂದು ಹೇಳಿಲ್ಲ. ಕನ್ನಡದಲ್ಲಿ ಪ್ರಮಾದವೆಂದರೆ ನಮಗೆ ಬರಿಯ ತಪ್ಪು. ಪಾಲಿಯಲ್ಲಿ ಅದು ಮೈಮರೆವು. ‘ಮುಕ್ತಿ’ಯನ್ನು ಸೇರಿಸಿದವನು ಅನುವಾದಕ. ರೀಸ್ ಡೇವಿಡ್ಸ್ ಪಾದ್ರಿಯ ಮಗ. ಬೈಬಲಿನ ಇಂಗ್ಲಿಷ್ ಅವನ ಕಿವಿಯಲ್ಲಿ ಇದ್ದೇ ಇರಬೇಕು.

ಹಾಗಾದರೆ ಎಲಿಯಟ್ ರಂಗಕ್ಕೆ ತಂದದ್ದು ಬುದ್ಧನನ್ನೋ, ಪೌಲನನ್ನೋ? 1927ರಲ್ಲೇ ಅವನು ಆಂಗ್ಲಿಕನ್ ಚರ್ಚನ್ನು ಸೇರಿದ್ದ. ಸೀಲಿಯಾಳದೂ ಶಿಲುಬೆಯ ಸಾವೇ. ಇಷ್ಟಾದರೂ ನಾಟಕದಲ್ಲಿ ಬೌದ್ಧವಾದದ್ದೊಂದು ಉಳಿದಿದೆ ಎಂದೇ ನನ್ನ ಎಣಿಕೆ. ರೈಲಿ ಯಾರನ್ನೂ ಉದ್ಧರಿಸುವುದಿಲ್ಲ. ದಾರಿ ತೋರಿಸುತ್ತಾನೆ, ನಡೆಯುವ ಕಷ್ಟ ಅವರವರದು. ಪ್ರಾಣ ತೆತ್ತ ಸೀಲಿಯಾಳಿಗೆ ಸಿಕ್ಕ ಹರಕೆಯೇ ಈ ಸಾಧಾರಣ ದಂಪತಿಗಳಿಗೂ ಸಿಕ್ಕಿದೆ. ಅವರು ಮಾಡುವುದಾದರೂ ಏನು? ಎರಡು ವರ್ಷಗಳ ನಂತರ ಮತ್ತೊಂದು ಪಾರ್ಟಿ ಏರ್ಪಡಿಸುತ್ತಾರೆ. ಸೀಲಿಯಾಳ ಸಾವಿನ ಸುದ್ದಿ ಅವರಿಗೆ ಮುಟ್ಟುವುದು ಆ ಹೊತ್ತಿಗೇ. ಅತಿಥಿಗಳು ಬರುವ ವೇಳೆ. ಬಾಗಿಲ ಗಂಟೆ ಬಾರಿಸುತ್ತದೆ, ತೆರೆ ಬೀಳುತ್ತದೆ.